ಮಾರೋಕೂ ಸೈ, ಕೊಳ್ಳೋಕೂ ಸೈ

ಮಾರ್ಚ್ 4, ಸೋಮವಾರ

ಅಂತೂ ಬಾಯಿಬಿಟ್ಟು ಹೇಳಿದಳು. ಮಧ್ಯಾಹ್ನ ಲಾಂಡ್ರಿಯ ಆಫೀಸು ಕೋಣೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದೆವು. ನಾನು, ಇವರು, ಇವರ ಅಕ್ಕ. ಡಬ್ಬಿಯ ಮುಚ್ಚಳ ತೆಗೆಯುತ್ತ, ಉಪ್ಪು ಕೇಳಿದಷ್ಟೇ ಸಲೀಸಾಗಿ, "ಪಾಲಾಗೋಣ ಕಣೋ" ಎಂದಳು ತಮ್ಮನಿಗೆ.

ಇವರ ಕೈ ತುತ್ತಿನ ಸಮೇತ ಅಲ್ಲೇ ನಿಂತಿತು. ಆದರೆ ಆಶ್ಚರ್ಯಪಟ್ಟವರಂತೆ ಕಾಣಲಿಲ್ಲ. ಎರಡು ತಿಂಗಳಿಂದ ಒಂದೇ ಜಗಳ. ಊರಾಚೆ ಎದ್ದಿರುವ ದೊಡ್ಡ ಹೋಟೆಲಿನ ಬಟ್ಟೆಯೆಲ್ಲ ನಮಗೇ ಬರಬೇಕು, ಅದಕ್ಕೆ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿ ಹೊಸವು ತರಬೇಕು ಎಂದು ಇವರ ಆಸೆ. ಹೋಟೆಲು ಒಳಗೆ ಬಂದರೆ ಈಗ ನಾವು ಒಗೆಯುತ್ತಿರುವ ಆಸ್ಪತ್ರೆಯ ಬಟ್ಟೆ ಮೂಲೆಗೆ ಬೀಳುತ್ತದೆ, ಅದು ಸಲ್ಲದು ಎಂದು ಅವಳ ಹಟ. ಒಂದೇ ಒರೆಯಲ್ಲಿ ಎರಡು ಕತ್ತಿ.

"ಸರಿ. ಲಾಂಡ್ರಿ ನಾನಿಟ್ಕೋತೀನಿ. ನಿನ್ನ ಅರ್ಧಕ್ಕೆ ದುಡ್ಡು ಕೊಡ್ತೀನಿ" ಎಂದರು ಇವರು.

"ಬೆಲೆ ಕಟ್ಟೋರು ಯಾರು?"

"ನಾವೇ."

ಅವಳು ನನ್ನ ಕಡೆ ತಿರುಗಿದಳು. "ಡಿಗ್ರಿ ಕಟ್ಟಲಿ. ಓದಿದ್ದು ಯಾವಾಗಾದ್ರೂ ಉಪಯೋಗಕ್ಕೆ ಬರಬೇಕಲ್ಲ."

ಈ ಮನೆಗೆ ಸೊಸೆಯಾಗಿ ಬಂದು, ಈ ಲಾಂಡ್ರಿಯ ಲೆಕ್ಕಪತ್ರ ನೋಡಲು ಶುರುಮಾಡಿ ಆರು ವರ್ಷವಾಯಿತು. ಒಂದು ದಿನವಾದರೂ ಹೆಸರು ಹಿಡಿದು ಕರೆದವಳಲ್ಲ. ಡಿಗ್ರಿಯಂತೆ. ಹೊರಗೆ ಕೆಲಸದ ಹೆಂಗಸರು ಅವಳನ್ನು ಹಿಂದಿನಿಂದ 'ಹಬೆಯಮ್ಮ' ಎನ್ನುತ್ತಾರೆ. ನಾನೂ ಮನಸ್ಸಿನಲ್ಲೇ ಅಂದುಕೊಂಡೆ, ಹೋಗು ತಾಯಿ, ಹಬೆ ಆಚೆ ಹೋದರೆ ಕೋಣೆ ತಂಪಾಗುತ್ತದೆ.

ಸುಳ್ಳೇಕೆ ಬರೆಯಲಿ, ಹಾಲು ಕುಡಿದಷ್ಟು ಸಂತೋಷವಾಗಿದೆ.

ಮಾರ್ಚ್ 5, ಮಂಗಳವಾರ

ಯಂತ್ರ ಕೊಂಡಾಗ ಒಂದು ಬೆಲೆ. ವರ್ಷ ಕಳೆದಂತೆ ಅದು ಸವೆಯುತ್ತದೆ. ಸವೆದದ್ದನ್ನು ಪ್ರತಿ ವರ್ಷ ಬೆಲೆಯಿಂದ ಕಳೆಯುವುದೇ ಸವಕಳಿ. ಇಷ್ಟು ಸುಲಭದ ಮಾತು. ಆದರೆ ಎಷ್ಟು ಕಳೆಯಬೇಕು ಎನ್ನುವುದಕ್ಕೆ ದಾರಿಗಳು ಹಲವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದವು ಈಗ ಮನೆಯೊಳಗೇ ಬಂದು ಕಾಲು ಚಾಚಿ ಕೂತಿವೆ.

ರೋಲರ್ ಇಸ್ತ್ರಿಯನ್ನೇ ತೆಗೆದುಕೊಂಡೆ. ಅದೇ ನಮ್ಮ ದೊಡ್ಡ ಯಂತ್ರ. ಒದ್ದೆ ಹಾಸುಬಟ್ಟೆ ಒಂದು ಕಡೆ ಕೊಟ್ಟರೆ, ಕಾದ ಉರುಳೆಗಳ ನಡುವೆ ಹಾದು, ಇನ್ನೊಂದು ಕಡೆ ಗರಿಗರಿಯಾಗಿ ಬರುತ್ತದೆ. ಏಳು ವರ್ಷದ ಹಿಂದೆ ನೂರಕ್ಕೆ ಕೊಂಡೆವು ಎಂದಿಟ್ಟುಕೊಳ್ಳೋಣ. ಮೊದಲ ಲೆಕ್ಕದಲ್ಲಿ ಅದರ ಆಯಸ್ಸು ಹತ್ತು ವರ್ಷ, ವರ್ಷಕ್ಕೆ ಹತ್ತರಂತೆ ಸಮಸಮ ಕಳೆಯುತ್ತ ಬಂದರೆ ಇವತ್ತಿಗೆ ಮೂವತ್ತು. ಎರಡನೆಯ ಲೆಕ್ಕದಲ್ಲಿ ಪ್ರತಿ ವರ್ಷ ಉಳಿದದ್ದರಲ್ಲಿ ಕಾಲು ಭಾಗ ಕಳೆಯಬೇಕು. ನೂರು ಎಪ್ಪತ್ತೈದಾಗಿ, ಐವತ್ತಾರಾಗಿ, ನಲವತ್ತೆರಡಾಗಿ, ಮೊದಲು ದಡಬಡ ಇಳಿದು ಆಮೇಲೆ ತೆವಳುತ್ತ, ಇವತ್ತಿಗೆ ಹದಿಮೂರು.

ಇವರಿಗೆ ಎರಡೂ ತೋರಿಸಿದೆ. "ಹದಿಮೂರು ಅಂತಲೇ ಇರಲಿ" ಎಂದರು.

"ಅತ್ತಿಗೆ ಒಪ್ಪಬೇಕಲ್ಲ?"

"ಯಾಕೊಪ್ಪಲ್ಲ? ತೆರಿಗೆಯವರಿಗೆ ಇಷ್ಟು ವರ್ಷ ಇದೇ ಲೆಕ್ಕ ತಾನೇ ಕೊಟ್ಟಿದ್ದು? ಅವಳ ಸಹಿಯೂ ಇದೆ."

ಅದೂ ನಿಜ. ಇದರಲ್ಲಿ ಸುಳ್ಳೇನೂ ಇಲ್ಲ. ಎರಡೂ ಪುಸ್ತಕ ಒಪ್ಪುವ ದಾರಿಗಳೇ.

ಮಾರ್ಚ್ 8, ಶುಕ್ರವಾರ

ಯಂತ್ರಗಳನ್ನು ಕಣ್ಣಾರೆ ನೋಡಿ ಪಟ್ಟಿ ಮಾಡಬೇಕೆಂದು ಅವಳ ಜೊತೆ ಕೆಳಗೆ ಸುತ್ತಿದೆ. ನನ್ನ ಜಾಗ ಮೇಲಿನ ಗಾಜಿನ ಕೋಣೆ. ಅಲ್ಲಿಗೆ ಸದ್ದು ಮಾತ್ರ ಬರುತ್ತದೆ, ಶಾಖ ಬರುವುದಿಲ್ಲ. ಕೆಳಗಿಳಿದ ಕೂಡಲೇ ಕನ್ನಡಕಕ್ಕೆ ಹಬೆ ಹಿಡಿದು ಏನೂ ಕಾಣಲಿಲ್ಲ. "ಒರೆಸ್ಕೋಬೇಡ, ತಾನೇ ಹೋಗುತ್ತೆ" ಎಂದಳು. ತಾನೇ ಹೋಯಿತು.

ಚಿಕ್ಕ ವಾಷಿಂಗ್ ಯಂತ್ರದ ಮುಂದೆ ನಿಂತು ಅದರ ಬಾಗಿಲನ್ನು ಅಂಗೈಯಿಂದ ತಟ್ಟಿದಳು. "ಇದಕ್ಕೆ ಎಷ್ಟು ಹಾಕಿದ್ದೀಯೋ ಗೊತ್ತಿಲ್ಲ. ಕಮ್ಮಿ ಹಾಕು. ಎರಡು ಯಂತ್ರದ ಕೆಲಸ ಇದೊಂದೇ ಮಾಡಿದೆ. ಒಳಗೆಲ್ಲ ಟೊಳ್ಳು."

ಮುಂದೆ ಹೋಗಿ ರೋಲರ್ ಇಸ್ತ್ರಿ. "ಇದು ನೋಡೋಕೆ ಮುದುಕಿ. ಆದ್ರೆ ಮೊದಲೆರಡು ವರ್ಷ ಗಿರಾಕಿಯೇ ಇರಲಿಲ್ಲ, ಸುಮ್ನೆ ನಿಂತಿತ್ತು. ಗಟ್ಟಿ ಇದೆ. ಇದಕ್ಕೆ ಜಾಸ್ತಿ ಹಾಕು."

ನಾನು ಗುರುತು ಹಾಕಿಕೊಂಡೆ. ಮೇಲೆ ಬಂದ ಮೇಲೆ ತಲೆ ಕೆಡಿಸಿಕೊಂಡೆ. ಅವಳಿಗೆ ಬೇಕಾದದ್ದು ದುಡ್ಡಾದರೆ ಎಲ್ಲಕ್ಕೂ ಜಾಸ್ತಿ ಹಾಕು ಎನ್ನಬೇಕಿತ್ತು. ಒಂದಕ್ಕೆ ಕಮ್ಮಿ, ಇನ್ನೊಂದಕ್ಕೆ ಜಾಸ್ತಿ! ಇವಳು ಯಾವ ಕಡೆ?

ಇವರಿಗೆ ಹೇಳಿದೆ. "ನಿನ್ನ ದಾರಿ ತಪ್ಪಿಸೋಕೆ" ಎಂದರು. ಇರಬಹುದು.

ಮಾರ್ಚ್ 11, ಸೋಮವಾರ

ಇವತ್ತು ಬೆಲೆ ಮುಂದಿಟ್ಟೆವು. ಎಲ್ಲ ಯಂತ್ರಗಳಿಗೂ ಎರಡನೆಯ ಲೆಕ್ಕ. ಇವರು ಗಂಟಲು ಸರಿಮಾಡಿಕೊಂಡು, ತೆರಿಗೆ, ಸಹಿ, ಮಾರುಕಟ್ಟೆ ಎಂದೆಲ್ಲ ವಿವರಿಸಿದರು. ಇವರ ಮಾತಿನ ಸೊಗಸು ಗೊತ್ತಲ್ಲ, ಬೋಳುತಲೆಯವನಿಗೂ ಬಾಚಣಿಗೆ ಮಾರಿಬಿಡುತ್ತಾರೆ.

ಅವಳು ಪೂರ್ತಿ ಕೇಳಿದಳು. ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಕೊನೆಗೆ, "ಈ ಬೆಲೆ ನಿಜವಾದ ಬೆಲೆ ಅಂತ ನಿನ್ನ ಮನಸ್ಸಿಗೆ ಒಪ್ಪಿಗೆ ಇದೆಯಾ?" ಎಂದು ಕೇಳಿದಳು.

"ಇದೆ."

"ಹಾಗಾದ್ರೆ ಒಳ್ಳೇದು. ಈ ಬೆಲೆಗೆ ನನ್ನ ಅರ್ಧ ನಿನಗೆ ಮಾರೋಕೂ ಸೈ, ನಿನ್ನ ಅರ್ಧ ನಾನು ಕೊಳ್ಳೋಕೂ ಸೈ. ಬೆಲೆ ನಿಂದು, ಆಯ್ಕೆ ನಂದು."

ಇವರ ಮುಖ ನೋಡಬೇಕಿತ್ತು.

"ಚಿಕ್ಕವರಿದ್ದಾಗ ಒಂದು ಬನ್ ತಂದ್ರೆ ನೀನು ಮುರೀತಿದ್ದೆ, ನಾನು ಆರಿಸ್ಕೋತಿದ್ದೆ. ಅಮ್ಮ ಮಾಡಿದ ಕಾನೂನು. ಆಗ ನಿನ್ನ ಕೈ ಎಷ್ಟು ನೆಟ್ಟಗೆ ಮುರೀತಿತ್ತು ಅಂತೀಯ!" ಎಂದು ಎದ್ದಳು. ಬಾಗಿಲಲ್ಲಿ ತಿರುಗಿ, "ಅವಸರ ಇಲ್ಲ. ಇನ್ನೊಂದ್ಸಲ ಯೋಚನೆ ಮಾಡಿ, ತಿಂಗಳ ಕೊನೆಯೊಳಗೆ ಹೇಳಿ. ಆಗ ಹೇಳಿದ್ದೇ ಕೊನೆ ಬೆಲೆ" ಎಂದಳು.

ಕಾಲೇಜಿನಲ್ಲಿ ಮೂರು ವರ್ಷ ಕಲಿತೆ. ಎದುರಿನವನ ಬಾಯಿಂದ ನಿಜವಾದ ಬೆಲೆ ಹೊರಡಿಸಲು ಇಷ್ಟು ಚಿಕ್ಕ ವಾಕ್ಯ ಸಾಕೆಂದು ಯಾರೂ ಕಲಿಸಿರಲಿಲ್ಲ. ಕಮ್ಮಿ ಕಟ್ಟಿದರೆ ಅವಳು ಕೊಂಡುಬಿಡುತ್ತಾಳೆ, ಜಾಸ್ತಿ ಕಟ್ಟಿದರೆ ಮಾರಿಬಿಡುತ್ತಾಳೆ. ಎರಡು ಕಡೆಯೂ ಬೇಲಿ.

ಇವರು ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. "ಬೆದರಿಕೆ ಅಷ್ಟೇ. ಕೊಳ್ಳೋಕೆ ಅವಳ ಹತ್ರ ದುಡ್ಡೆಲ್ಲಿದೆ?"

ನನಗೆ ಮಾತ್ರ ಬನ್ ನೆನೆದು ನಗು ಬರುತ್ತಿದೆ. ಬರಬಾರದು.

ಮಾರ್ಚ್ 14, ಗುರುವಾರ

ಬಲಗೈಯ ತೋರುಬೆರಳಿಗೆ ಪಟ್ಟಿ ಸುತ್ತಿದೆ, ಅಕ್ಷರ ವಕ್ರವಾಗಿ ಬರುತ್ತಿದೆ. ಆದರೂ ಬರೆಯಬೇಕು.

ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ನಡೆಯುತ್ತಿತ್ತು. ಯಾವುದೋ ಹಾಸುಬಟ್ಟೆಯ ಮಡಿಕೆಯಲ್ಲಿ ಪಿನ್ನು ಉಳಿದಿತ್ತಂತೆ. ಬಟ್ಟೆ ಒಳಗೇ ಸಿಕ್ಕಿ ಉರುಳೆಗೆ ಸುತ್ತಿಕೊಂಡು, ಎಳೆದು ಎಳೆದು, ರೋಲರ್ ಇಸ್ತ್ರಿಯ ಚೈನು ಪಟಾರನೆ ಹರಿಯಿತು. ಮೇಲೆ ಕೂತಿದ್ದ ನನ್ನ ಕೈಯ ಚಹಾ ಚೆಲ್ಲಿತು. ಓಡಿ ಇಳಿದೆ.

ಬಟ್ಟೆ ಕೊಡುತ್ತಿದ್ದ ಹೆಂಗಸು ಗೋಡೆಗೆ ಒರಗಿ ಗೊಳೋ ಎಂದು ಅಳುತ್ತಿದ್ದಳು. ಪಿನ್ನು ನೋಡಬೇಕಾದದ್ದು ಅವಳ ಕೆಲಸ. ಇವರ ಅಕ್ಕ ಅವಳ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ, ಬೆರಳೆಲ್ಲ ನೆಟ್ಟಗಿವೆಯೇ ಎಂದು ನೋಡಿದಳು. ನೋಡಿ ಆದಮೇಲೆ, "ಅಳೋಕೆ ಸಂಜೆ ಟೈಮ್ ಕೊಡ್ತೀನಿ. ಈಗ ಮಡಚೋಕೆ ಬಾ" ಎಂದಳು. ಅಳುತ್ತಿದ್ದವಳಿಗೂ ಫಕ್ಕನೆ ನಗು ಬಂತು.

ಮೆಕ್ಯಾನಿಕ್ ಬಂದು, ಚೈನು ನಾಳೆಯೇ ಸಿಗುವುದು ಎಂದ. ಇವರು ಹೋಟೆಲಿನವರನ್ನು ನೋಡಲು ಹೋಗಿದ್ದರು, ಫೋನು ಎತ್ತಲಿಲ್ಲ. ಹತ್ತು ಗಂಟೆಗೆ ಆಸ್ಪತ್ರೆಗೆ ಬಟ್ಟೆ ಮುಟ್ಟಬೇಕು. "ದಾರೀಲಿದೆ ಅಂತ ಹೇಳಿಬಿಡೋಣವಾ?" ಎಂದೆ. ಇವರಾಗಿದ್ದರೆ ಹಾಗೇ ಹೇಳುತ್ತಿದ್ದರು.

ಅವಳು ನನ್ನನ್ನು ಒಂದು ಕ್ಷಣ ನೋಡಿ, ಆಸ್ಪತ್ರೆಯ ದೊಡ್ಡ ನರ್ಸಿಗೆ ತಾನೇ ಫೋನು ಹಚ್ಚಿದಳು. "ಸಿಸ್ಟರ್, ಹತ್ತು ಗಂಟೆಗೆ ಅಂತ ಮಾತು ಕೊಟ್ಟಿದ್ದೆ, ಆಗಲ್ಲ. ಯಂತ್ರ ನಿಂತಿದೆ. ನಿಮಗೆ ಯಾವುದು ಬಿಟ್ರೆ ನಡೆಯೋದೇ ಇಲ್ಲ ಹೇಳಿ, ಅದು ಮೊದಲು ಬರುತ್ತೆ. ಆಪರೇಷನ್ ಕೋಣೆದಾ? ಮಧ್ಯಾಹ್ನದೊಳಗೆ. ಹೆರಿಗೆ ವಾರ್ಡಿಂದು ಅದರ ಹಿಂದೇನೇ. ಮಿಕ್ಕಿದ್ದು ಸಂಜೆ. ಬೈಯೋದಿದ್ರೆ ಈಗಲೇ ಬೈದುಬಿಡಿ, ಆಮೇಲೆ ನನಗೆ ಪುರುಸೊತ್ತಿರಲ್ಲ." ಆ ಕಡೆಯಿಂದ ಬೈಗುಳ ಬರಲಿಲ್ಲ. ಏನೋ ಹೇಳಿದರು, ಅತ್ತಿಗೆ ಜೋರಾಗಿ ನಕ್ಕರು.

ಆಮೇಲೆ ಕೈ ಇಸ್ತ್ರಿಗಳು ಹೊರಗೆ ಬಂದವು. ಮಡಚುವ ಮೇಜುಗಳ ಮೇಲೆ ಕಂಬಳಿ ಹಾಸಿ ಸಾಲಾಗಿ ನಿಂತೆವು. ನನಗೂ ಒಂದು ಇಸ್ತ್ರಿ ಸಿಕ್ಕಿತು. ಯಾರೂ ಕೊಡಲಿಲ್ಲ, ಎದುರಿಗಿತ್ತು, ಎತ್ತಿಕೊಂಡೆ. ಮನೆಯಲ್ಲಿ ಒಂದು ಅಂಗಿಗೆ ಇಸ್ತ್ರಿ ಹಾಕುವುದೇ ಬೇರೆ, ಹಾಸಿಗೆಯಗಲದ ಬಟ್ಟೆಯೇ ಬೇರೆ. ಒಂದು ತುದಿ ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ತುದಿ ಸುಕ್ಕು. ಅತ್ತಿಗೆ ಎಲ್ಲರಿಗಿಂತ ಬಿಸಿಯಾದ ಜಾಗದಲ್ಲಿ, ಡ್ರೈಯರಿನ ಬಾಯಿಗೇ ನಿಂತು ಬಟ್ಟೆ ಎಳೆದು ಎಳೆದು ನಮ್ಮ ಕಡೆ ಎಸೆಯುತ್ತಿದ್ದರು. ಯಾರ ಮೇಜಿನ ಮೇಲೆ ಎಷ್ಟು ಉಳಿದಿದೆಯೋ ನೋಡಿ, ನಿಧಾನದವರಿಗೆ ಚಿಕ್ಕದು, ಚುರುಕಿನವರಿಗೆ ದೊಡ್ಡದು. ನನಗೆ ದಿಂಬಿನ ಚೀಲಗಳು ಬಂದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಹಾಸುಬಟ್ಟೆ ಬಂತು. ಬಡ್ತಿ ಸಿಕ್ಕಷ್ಟು ಹಿಗ್ಗಾಯಿತು, ಹುಚ್ಚಿಗೆ.

ಆ ಹಿಗ್ಗಿನಲ್ಲೇ ಬೆರಳು ಸುಟ್ಟುಕೊಂಡೆ. ಕೂಗಲಿಲ್ಲ ಅಂದುಕೊಂಡಿದ್ದೇನೆ. ಅತ್ತಿಗೆ ಹೇಗೆ ಕಂಡರೋ, ಬಂದು ಮಣಿಕಟ್ಟು ಹಿಡಿದು ನಲ್ಲಿಯ ಕೆಳಗೆ ಎಳೆದೊಯ್ದರು. "ಕಣ್ಣು ಎಲ್ಲಿಟ್ಟಿದ್ದೆ? ಲೆಕ್ಕ ತಪ್ಪಿದ್ರೆ ಅಳಿಸಬಹುದು, ಚರ್ಮ ಅಳಿಸಿ ಬರೆಯೋಕಾಗುತ್ತಾ?" ಬೈಗುಳ ನಿಲ್ಲಲಿಲ್ಲ, ಕೈಯನ್ನೂ ಬಿಡಲಿಲ್ಲ. ನೀರಿನ ಕೆಳಗೆ ಎರಡು ಕೈಗಳು. ಅವರ ಮುಂಗೈ ತುಂಬ ಸುಟ್ಟ ಗೆರೆಗಳು, ಒಂದರ ಮೇಲೊಂದು, ಹಳೆಯವು, ಹೊಸವು. ಇಷ್ಟು ವರ್ಷ ಮೇಲಿನ ಗಾಜಿನ ಕೋಣೆಯಿಂದ ನನಗೆ ಅವರ ಗಂಟಲು ಮಾತ್ರ ಕೇಳಿಸಿತ್ತು.

ಆಪರೇಷನ್ ಕೋಣೆಯ ಬಟ್ಟೆ ಹೇಳಿದ ಹೊತ್ತಿಗೆ ಹೋಯಿತು. ಮಿಕ್ಕಿದ್ದು ಸಂಜೆ. ಕೊನೆಯ ಗಂಟು ವ್ಯಾನಿಗೆ ಏರಿದ ಮೇಲೆ ಅತ್ತಿಗೆ ಪಿನ್ನಿನ ಹೆಂಗಸನ್ನು ಕರೆದು, "ಈಗ ಅಳು, ಟೈಮ್ ಇದೆ" ಎಂದರು. ಅವಳು ಅಳಲಿಲ್ಲ.

ಮಾರ್ಚ್ 15, ಶುಕ್ರವಾರ

ತೋಳು ಎತ್ತಲಾಗುತ್ತಿಲ್ಲ. ಚೈನು ಬಂತು. ರೋಲರ್ ಇಸ್ತ್ರಿ ಮತ್ತೆ ತಿರುಗಿತು. ಮೆಕ್ಯಾನಿಕ್ ಒಳಗೆಲ್ಲ ಇಣುಕಿ ನೋಡಿ, "ಉರುಳೆ ಇನ್ನೂ ಹೊಸದರ ಹಾಗಿದೆ" ಎಂದ.

ಮಾರ್ಚ್ 19, ಮಂಗಳವಾರ

ಮೂರನೆಯ ದಾರಿಯೊಂದಿದೆ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಕೊಟ್ಟಿದ್ದರು, ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಬಿಟ್ಟಿದ್ದೆವು. ದುಡಿಮೆಯ ಲೆಕ್ಕ. ಯಂತ್ರಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳುವುದಿಲ್ಲ, ಎಷ್ಟು ದುಡಿದಿದೆ ಎಂದು ಕೇಳುತ್ತದೆ. ಅದು ಆಯಸ್ಸಿನಲ್ಲಿ ಒಟ್ಟು ಎಷ್ಟು ಬಟ್ಟೆ ತಾಳೀತು, ಅದರಲ್ಲಿ ಎಷ್ಟು ಆಗಿಹೋಯಿತು, ಅಷ್ಟನ್ನು ಮಾತ್ರ ಕಳೆಯಬೇಕು.

ಯಂತ್ರ ಎಷ್ಟು ತಾಳುತ್ತದೆಂದು ತಯಾರಿಸಿದವರೇ ಬರೆದು ಕೊಟ್ಟಿರುತ್ತಾರೆ. ಎಷ್ಟು ಬಟ್ಟೆ ಆಯಿತೆಂದು ಗಿರಾಕಿಗಳ ಬಿಲ್ಲಿನಲ್ಲಿ ತೂಕದ ಸಮೇತ ಇದೆ. ನಾಲ್ಕು ದಿನದಿಂದ ಅದರಲ್ಲೇ ಮುಳುಗಿದ್ದೇನೆ. ರೋಲರ್ ಇಸ್ತ್ರಿಗೆ ನಲವತ್ತೆಂಟು ಉಳಿದಿದೆ! ಹದಿಮೂರಲ್ಲ, ಮೂವತ್ತೂ ಅಲ್ಲ. ಚಿಕ್ಕ ವಾಷಿಂಗ್ ಯಂತ್ರಕ್ಕೆ ಉಳಿದದ್ದು ಎಂಟು. ಒಳಗೆಲ್ಲ ಟೊಳ್ಳು ಎಂದಿದ್ದು ಅಕ್ಷರಶಃ ನಿಜ. ಅತ್ತಿಗೆ ಅವತ್ತು ನನ್ನ ದಾರಿ ತಪ್ಪಿಸುತ್ತಿರಲಿಲ್ಲ. ಒಂದು ಮಾತು ತಮಗೆ ಲಾಭವೋ ನಷ್ಟವೋ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಅದನ್ನು ನಾವಿಬ್ಬರೂ ಕುಳಿತು ತಂತ್ರ ಎಂದುಕೊಂಡೆವು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಹಾಗೆಂದು ಎಲ್ಲಕ್ಕೂ ದುಡಿಮೆಯ ಲೆಕ್ಕ ಹಾಕಿದರೆ ಅದೂ ತಪ್ಪೇ. ಬಾಯ್ಲರಿಗೆ ಮೊದಲನೆಯದು, ವರ್ಷಕ್ಕಿಷ್ಟು ಎನ್ನುವ ಸಮಸಮ ಲೆಕ್ಕವೇ ಸರಿ. ಕೆಲಸ ಇರಲಿ ಬಿಡಲಿ, ತುಕ್ಕು ರಜೆ ತೆಗೆದುಕೊಳ್ಳುವುದಿಲ್ಲ. ವ್ಯಾನಿಗೆ ಎರಡನೆಯದೇ ನ್ಯಾಯ. ಶೋರೂಮಿನಿಂದ ಆಚೆ ಬಂದ ದಿನವೇ ಅದರ ಮುಕ್ಕಾಲು ಮರ್ಯಾದೆ ಹೋಗಿರುತ್ತದೆ, ಉಳಿದದ್ದು ಮೆಲ್ಲಗೆ ಹೋಗುತ್ತದೆ. ಯಾವ ಲೆಕ್ಕವೂ ಕೆಟ್ಟದ್ದಲ್ಲ. ಯಾವುದು ಹೇಗೆ ಸವೆಯುತ್ತದೆ ಎಂದು ಹತ್ತಿರ ಹೋಗಿ ನೋಡದೆ ಹಾಕಿದ್ದು ಕೆಟ್ಟದ್ದು.

ಎಲ್ಲ ಕೂಡಿಸಿದರೆ, ಮೊದಲು ಕಟ್ಟಿದ ಬೆಲೆಯ ದುಪ್ಪಟ್ಟಿಗೆ ತುಸು ಕಮ್ಮಿ.

ಇವತ್ತು ಮೂರು ಸಲ ಕೆಳಗೆ ಹೋಗಿ ಬಂದೆ. ಲೆಕ್ಕಕ್ಕೆ ಬೇಕಿತ್ತು.

ಮಾರ್ಚ್ 20, ಬುಧವಾರ

ಇವರಿಗೆ ತೋರಿಸಿದೆ. ನೋಡುತ್ತ ನೋಡುತ್ತ ಮುಖ ಗಂಟಿಕ್ಕಿತು.

"ದುಪ್ಪಟ್ಟು ಕೊಟ್ಟು ಬಿಡಿಸ್ಕೊಳ್ಳಬೇಕಾ ನಾನು?"

"ಅಷ್ಟು ಬೆಲೆ ಇದೆ, ರೀ."

"ಹಳೇ ಲೆಕ್ಕದಲ್ಲಿ ಇಲ್ಲವಲ್ಲ. ಆ ಲೆಕ್ಕ ಸುಳ್ಳಾ?"

"ಸುಳ್ಳಲ್ಲ. ಆದ್ರೆ ರೋಲರ್‌ಗೆ ಅದು ಹೊಂದಲ್ಲ. ಆನೆಗೆ ಅಳೆದ ಅಂಗೀನ ಕುದುರೆಗೆ ಹಾಕಿದ ಹಾಗೆ."

"ಅವಳು ಕೊಳ್ಳಲ್ಲ ಕಣೆ. ದುಡ್ಡಿಲ್ಲ ಅವಳ ಹತ್ರ. ಹಳೇ ಬೆಲೆಯನ್ನೇ ಹಿಡಿದ್ರೆ ಮಾರಲೇಬೇಕು."

"ಇರಲಿ, ಇಲ್ಲದಿರಲಿ. ಇಲ್ಲದೋರ ಹತ್ರ ಕಮ್ಮಿ ಬೆಲೆಗೆ ಕಿತ್ಕೊಂಡ್ರೆ ಅದಕ್ಕೆ ವ್ಯಾಪಾರ ಅನ್ನಲ್ಲ."

"ನೀನು ಯಾರ ಕಡೆ?"

"ಬಟ್ಟೆ ಕಡೆ" ಎಂದುಬಿಟ್ಟೆ. ಅದೇಕೆ ಹಾಗೆ ಬಾಯಿಗೆ ಬಂತೋ. ಇವರು ತಟ್ಟೆ ಸರಿಸಿ ಎದ್ದು ಹೋದರು.

ಮಾರ್ಚ್ 21, ಗುರುವಾರ

ಮಾತಿಲ್ಲ.

ಮಾರ್ಚ್ 23, ಶನಿವಾರ

ಬೆಳಿಗ್ಗೆ ಚಹಾ ಕೊಟ್ಟಾಗ ಇವರು ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಆ ಬನ್ ವಿಷಯ" ಎಂದರು.

"ಏನು?"

"ನಾನು ಯಾವತ್ತೂ ನೆಟ್ಟಗೆ ಮುರೀತಿರಲಿಲ್ಲ ಕಣೆ. ಬೇಕು ಅಂತಲೇ ಒಂದು ದೊಡ್ಡದು, ಒಂದು ಚಿಕ್ಕದು. ಆಯ್ಕೆ ಅವಳದ್ದು ಅಂತ ಗೊತ್ತಿದ್ರೂ. ಯಾಕೆ ಗೊತ್ತಾ? ಅವಳು ಪ್ರತಿ ಸಲ ಚಿಕ್ಕದನ್ನೇ ತಗೋತಿದ್ಳು."

ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ನಿನ್ನ ಲೆಕ್ಕಾನೇ ಇಡು" ಎಂದರು ಕೊನೆಗೆ. ಈ ಮನುಷ್ಯ ನನ್ನ ಗಂಡ ಎಂದು ಇವತ್ತು ಹೆಮ್ಮೆಯಾಯಿತು. ಇವರ ಮುಂದೆ ಹೇಳಲಿಲ್ಲ, ತಲೆಗೇರಿಬಿಡುತ್ತದೆ.

ಮಾರ್ಚ್ 27, ಬುಧವಾರ

ಬೆಲೆ ಇಟ್ಟೆವು. ಈ ಸಲ ಮಾತಾಡಿದ್ದು ನಾನು. ಅತ್ತಿಗೆ ನಡುನಡುವೆ ತಡೆದು ಕೇಳುತ್ತಿದ್ದರು. ಬಾಯ್ಲರಿಗೆ ಯಾಕೆ ಬೇರೆ ಲೆಕ್ಕ? ಡ್ರೈಯರ್ ವರ್ಷಕ್ಕೆ ಎಷ್ಟು ದಿನ ಓಡಿದೆ ಅಂತ ಹಿಡಿದೆ? ವ್ಯಾನಿಗೆ ಇಷ್ಟು ಕಮ್ಮಿಯಾ? ಒಂದು ಕಡೆ, "ರೋಲರ್‌ಗೆ ಹೊಸ ಚೈನು ಹಾಕಿದ್ದು ಸೇರಿಸಿದ್ದೀಯಾ?" ಎಂದರು. ಸೇರಿಸಿರಲಿಲ್ಲ. ಸೇರಿಸಿದೆ. ಬೆಲೆ ಚೂರು ಏರಿತು. ಇಂಥ ಪರೀಕ್ಷಕರು ಕಾಲೇಜಿನಲ್ಲಿ ಇದ್ದಿದ್ದರೆ ನಾನು ಇನ್ನೂ ಚೆನ್ನಾಗಿ ಓದುತ್ತಿದ್ದೆ.

ಮುಗಿದ ಮೇಲೆ ತಮ್ಮನನ್ನು ನೋಡಿ, "ಇದಾ ಕೊನೆ ಬೆಲೆ?" ಎಂದರು.

"ಹೌದು."

"ಕೊಂಡೆ."

ಇವರು ಕುರ್ಚಿಯಲ್ಲಿ ಕುಸಿದೇಬಿಟ್ಟರು. "ದುಡ್ಡು?"

"ನನ್ನ ಮನೆ ಅಡ ಇಟ್ಟಿದ್ದೀನಿ. ಈ ತಿಂಗಳು ಹುಟ್ಟೋ ಮೊದಲೇ ಬ್ಯಾಂಕಿನವರು ಒಪ್ಪಿದಾರೆ. ನಿನಗೆ ಹೋಟೆಲು ಬೇಕು, ನನಗೆ ಆಸ್ಪತ್ರೆ ಬೇಕು. ಪಾಲಾಗೋಣ ಅಂದಾಗಲೇ ಇದಕ್ಕೆ ತಯಾರಾಗಿದ್ದೆ."

ನನಗೆ ಆಗ ಹೊಳೆಯಿತು. "ಅಂದ್ರೆ, ಹನ್ನೊಂದನೇ ತಾರೀಕು ನಾವು ಆ ಬೆಲೆ ಹೇಳಿದಾಗಲೇ ನೀವು ಕೊಂಡೆ ಅನ್ನಬಹುದಿತ್ತು!"

"ಅನ್ನಬಹುದಿತ್ತು."

"ಅರ್ಧ ಬೆಲೆಗೆ!"

"ತಮ್ಮನ ಹತ್ರ ಅರ್ಧ ಬೆಲೆಗೆ ಕಿತ್ಕೊಂಡ್ರೆ, ದಿನಾ ಬೆಳಿಗ್ಗೆ ಆ ಯಂತ್ರದ ಮುಂದೆ ಹೇಗೆ ನಿಲ್ಲೋದು?" ಎಂದು ನನ್ನ ಕಡೆ ತಿರುಗಿದರು. "ಅದಕ್ಕೇ ಟೈಮ್ ಕೊಟ್ಟೆ. ಲೆಕ್ಕ ಹಾಕೋಳು ಒಬ್ಬಳಿದ್ದಾಳೆ, ಹಾಕ್ತಾಳೆ ಅಂತ."

ಐವತ್ತಮೂರು ವಯಸ್ಸು, ಇರುವ ಒಂದೇ ಮನೆ ಅಡಕ್ಕೆ. ಕೈಗೆ ಬಂದ ಅಗ್ಗದ ವ್ಯಾಪಾರವನ್ನು ತಾನಾಗಿ ಬಿಟ್ಟು, ಪೂರ್ತಿ ಬೆಲೆ ಕೊಡಲು ಕಾದು ಕೂತ ಹೆಂಗಸು. ನನ್ನ ಜನ್ಮದಲ್ಲಿ ಇಂಥವರನ್ನು ಕಂಡಿಲ್ಲ.

ಲಾಂಡ್ರಿ ನಮ್ಮ ಕೈ ತಪ್ಪಿತು. ಅಳು ಬರಬೇಕಿತ್ತು. ಮನೆಗೆ ಬಂದು ಚೆನ್ನಾಗಿ ಉಂಡೆ.

ಮಾರ್ಚ್ 29, ಶುಕ್ರವಾರ

ಇವರು ಎರಡು ದಿನ ಮಂಕಾಗಿದ್ದರು. ಇವತ್ತು ಕನ್ನಡಿಯ ಮುಂದೆ ಶಿಳ್ಳೆ ಹಾಕುತ್ತ ತಲೆ ಬಾಚಿಕೊಂಡರು. ಹೋಟೆಲಿನವರಿಗೆ, ಚಿಕ್ಕ ವಸತಿಗೃಹಗಳಿಗೆ ಯಾವ ಲಾಂಡ್ರಿ ಹೊಂದುತ್ತದೆ ಎಂದು ಗಂಟು ಹಾಕಿಸುವ ಕೆಲಸ ಮಾಡುತ್ತಾರಂತೆ. ಮಾತೇ ಬಂಡವಾಳ, ಬಾಯ್ಲರ್ ಬೇಡ, ಚೈನು ಬೇಡ. "ಹಬೆ ಅಂದ್ರೆ ನನಗೆ ಯಾವತ್ತೂ ಆಗ್ತಿರಲಿಲ್ಲ ಕಣೆ" ಎಂದು ಈಗ ಹೇಳುತ್ತಾರೆ!

ಮಧ್ಯಾಹ್ನ ಅತ್ತಿಗೆ ನನ್ನನ್ನು ಕೆಳಗೆ ಕರೆಸಿದರು. "ಯಂತ್ರ ಎಲ್ಲ ಕೊಂಡೆ. ನಿನ್ನನ್ನ ಕೊಂಡಿಲ್ಲ. ನಿನ್ನ ಇಷ್ಟ ಏನು?"

"ಲೆಕ್ಕ ನೋಡ್ಕೋತೀನಿ, ಬೇಕಿದ್ರೆ."

"ಲೆಕ್ಕಕ್ಕೆ ಸಂಬಳ ಕೊಟ್ರೆ ಯಾರಾದ್ರೂ ಬರ್ತಾರೆ. ನಾನು ಕೇಳಿದ್ದು ಅದಲ್ಲ." ಎದುರಿದ್ದ ಬಟ್ಟೆಯ ಮಡಿಕೆಯೊಂದನ್ನು ಎತ್ತಿ ಬದಿಗಿಟ್ಟರು. "ತಮ್ಮನಿಗೆ ಕೊಡೋದರಲ್ಲಿ ಕಾಲು ಭಾಗ ಇಲ್ಲೇ ಬಿಡು ಅಂತ ಹೇಳ್ತೀನಿ. ಅವನ ಹೆಸರಲ್ಲಲ್ಲ, ನಿನ್ನ ಹೆಸರಲ್ಲಿ. ಲಾಭ ಬಂದ್ರೆ ಪಾಲು, ನಷ್ಟ ಬಂದ್ರೂ ಪಾಲು. ಯೋಚನೆ ಮಾಡಿ ಹೇಳು, ಅವಸರ..."

"ಆಯ್ತು."

"ಯೋಚನೆ ಮಾಡು ಅಂದೆ."

"ಮಾಡಿದೆ."

ಇವರು ಮೊದಲು ಮೂಗು ಮುರಿದರು. ಆಮೇಲೆ, "ಮನೇಲಿ ನಿನ್ನ ಜೊತೆ ಜಗಳ ಆಡಿದ್ರೆ ಅಲ್ಲಿ ಅವಳು ನನ್ನ ಗಿರಾಕಿ ವಾಪಸ್ ಕಳಿಸ್ತಾಳೆ, ಯಾಕೆ ಬೇಕು" ಎಂದು ಸಹಿ ಹಾಕಿಕೊಟ್ಟರು.

ಏಪ್ರಿಲ್ 8, ಸೋಮವಾರ

ಬರೆಯಲು ಪುರುಸೊತ್ತೇ ಇಲ್ಲ. ಗಾಜಿನ ಕೋಣೆಯ ಮೇಜನ್ನು ಕೆಳಗೆ ಇಳಿಸಿಕೊಂಡಿದ್ದೇನೆ. ಮೇಲೆ ಕೂತರೆ ಯಾವ ಯಂತ್ರ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ಚಿಕ್ಕ ವಾಷಿಂಗ್ ಯಂತ್ರ ಈ ವರ್ಷ ದಾಟುವುದು ಅನುಮಾನ. ಅದಕ್ಕೆ ಅರ್ಧ ತುಂಬಿದರೆ ಸಾಕು ಎಂದು ಕೆಲಸದ ಹೆಂಗಸರಿಗೆ ಹೇಳಿಟ್ಟಿದ್ದೇನೆ. ಕೇಳುವುದಿಲ್ಲ, ಗಂಟಲು ಹರಿದುಕೊಳ್ಳಬೇಕು. ಸಂಜೆಯ ಹೊತ್ತಿಗೆ ದನಿಯೇ ಹೊರಡುವುದಿಲ್ಲ.

ಇವತ್ತು ಅತ್ತಿಗೆ ಡ್ರೈಯರಿನ ಕಡೆ ಇದ್ದರು, ನಾನು ಮಡಚುವ ಮೇಜಿನ ಬಳಿ ಬಟ್ಟೆಗಳಲ್ಲಿ ಪಿನ್ನು ಹುಡುಕುತ್ತಿದ್ದೆ. ಇವರು ಮೊದಲ ಗಿರಾಕಿಯನ್ನು ಗಂಟು ಹಾಕಿಸಿಕೊಂಡು ಬಂದರು, ಚಿಕ್ಕ ಹೆರಿಗೆ ಆಸ್ಪತ್ರೆಯೊಂದರ ಬಟ್ಟೆ. ಹೊಸ ಅಂಗಿ, ತಲೆಗೆ ಎಣ್ಣೆ. ಬಾಗಿಲಲ್ಲೇ ನಿಂತು ಹೊರಗಿನವರಂತೆ ಗತ್ತಿನಿಂದ, "ಒಡತಿ ಇದ್ದಾರಾ?" ಎಂದು ಕೂಗಿದರು.

"ಏನು?" ಎಂದೆವು ಅತ್ತಿಗೆಯೂ ನಾನೂ, ಒಟ್ಟಿಗೇ.

ಕೆಲಸದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಇವರಂತೂ ಬಾಗಿಲಿಗೆ ಒರಗಿಕೊಂಡು ನಕ್ಕರು. ಅಷ್ಟು ನಗುವಂಥದ್ದು ಏನಿತ್ತೋ, ನನಗಂತೂ ಗೊತ್ತಾಗಲಿಲ್ಲ. ಕೈಯಲ್ಲಿ ಇನ್ನೂ ಅರ್ಧ ರಾಶಿ ಬಟ್ಟೆ ಉಳಿದಿತ್ತು.